ಉರಿಗಾಲಿನ ಐಸಕ್ಕ

ಐಸ್ ಫ್ಯಾಕ್ಟರಿಯ ಒಳಗೆ ಬರಿಗಾಲಲ್ಲಿ ಓಡಾಡುತ್ತಿದ್ದವಳು ನಮ್ಮ ದೊಡ್ಡಮ್ಮ ಒಬ್ಬಳೇ. ಮಿಕ್ಕವರೆಲ್ಲ ಮೊಣಕಾಲುದ್ದದ ರಬ್ಬರ್ ಬೂಟು ಹಾಕಿ, ಒಳಗೆ ಎರಡೆರಡು ಕಾಲುಚೀಲ ತೂರಿಸಿ, ಆದರೂ ‘ಕಾಲು ಮರಗಟ್ಟಿತು’ ಅಂತ ಕುಣಿಯುವಾಗ ಇವಳು ಪುಡಿ ಐಸಿನ ಮೇಲೆ ಹುಲ್ಲಿನ ಮೇಲೆ ನಡೆದ ಹಾಗೆ ನಡೆದುಹೋಗುತ್ತಿದ್ದಳು. ಅಲ್ಲಿ ಉಪ್ಪುನೀರಿನ ದೊಡ್ಡ ತೊಟ್ಟಿ. ಅದರೊಳಗೆ ತಗಡಿನ ಉದ್ದುದ್ದ ಡಬ್ಬಿಗಳು ಸಾಲಾಗಿ ಮುಳುಗಿರುತ್ತಿದ್ದವು. ಡಬ್ಬಿಯ ನೀರು ಗಟ್ಟಿಯಾದ ಮೇಲೆ ಸರಪಳಿಯಿಂದ ಮೇಲೆತ್ತಿ, ಮಾಮೂಲಿ ನೀರಲ್ಲಿ ಒಮ್ಮೆ ಅದ್ದಿ ಬಗ್ಗಿಸಿದರೆ ಐಸಿನ ಗಡ್ಡೆ ಸರ್ರನೆ ಜಾರಿ ನೆಲಕ್ಕೆ ಬರುತ್ತಿತ್ತು. ಆ ತೊಟ್ಟಿಗೆ ದೊಡ್ಡಮ್ಮನೇ ಮೇಸ್ತ್ರಿ. ಯಾವ ಡಬ್ಬಿ ಎತ್ತಬೇಕು, ಯಾವುದರ ನಡು ಇನ್ನೂ ನೀರಾಗಿದೆ ಅನ್ನುವುದೆಲ್ಲ ಅವಳ ಮಾತಿನಂತೆ ನಡೆಯುತ್ತಿತ್ತು. ಮೀನು ಮಾರುವವರಿಂದ ಹಿಡಿದು ಶರಬತ್ತಿನ ಗಾಡಿಯವರವರೆಗೆ ಎಲ್ಲರ ಬಾಯಲ್ಲೂ ಅವಳು ಐಸಕ್ಕ.

“ಐಸಕ್ಕನ ಮೈಯಲ್ಲಿ ಓಡೋದು ರಕ್ತ ಅಲ್ಲ, ಫ್ರಿಜ್ಜಿನ ಗ್ಯಾಸು” ಅಂತ ಲೋಡಿಂಗ್‌ನವರು ತಮಾಷೆ ಮಾಡುತ್ತಿದ್ದರು.

“ಹೌದು ಕಣ್ರಪ್ಪಾ, ಜಾಸ್ತಿ ಹತ್ರ ಬರ್ಬೇಡಿ, ನೆಗಡಿ ಆಗುತ್ತೆ” ಅನ್ನುತ್ತಿದ್ದಳು ಅವಳು.

ನಿಜ ಏನೆಂದರೆ, ಅವಳು ಆ ಕೆಲಸಕ್ಕೆ ಸೇರಿದ್ದೇ ಆ ನೆಲಕ್ಕೋಸ್ಕರ. “ಜನ ಹೊಟ್ಟೆಪಾಡಿಗೆ ದುಡೀತಾರೆ, ನಾನು ಕಾಲಿನ ಪಾಡಿಗೆ ದುಡೀತೀನಿ” ಅನ್ನುವುದು ಅವಳ ಮಾಮೂಲಿ ಮಾತು. ಚಿಕ್ಕಂದಿನಿಂದ ಅವಳ ಎರಡೂ ಪಾದ ಉರಿಯುತ್ತಿದ್ದವು. ಸ್ವಲ್ಪ ಸೆಖೆಯಾದರೆ ಸಾಕು, ಸ್ವಲ್ಪ ಹೊತ್ತು ನಡೆದರೆ ಸಾಕು, ಮುಚ್ಚಿದ ಚಪ್ಪಲಿ ಹಾಕಿದರೆ ಸಾಕು. ಮೊದಲು ಬೆರಳ ಸಂದಿಯಲ್ಲಿ ಜುಮ್ಮೆನ್ನುವುದು, ಆಮೇಲೆ ಸೂಜಿ ಚುಚ್ಚಿದಂತೆ, ಆಮೇಲೆ ಕೆಂಡದ ಮೇಲೆ ನಿಂತಂತೆ. ಪಾದ ಹರಡಿನವರೆಗೆ ಕೆಂಪಾಗಿ ಊದಿ, ಚರ್ಮ ಮಿರಮಿರ ಮಿಂಚುತ್ತಿತ್ತು. ತಣ್ಣೀರಲ್ಲಿ ಇಟ್ಟರೆ ಮಾತ್ರ ಜೀವ ಬರುತ್ತಿತ್ತು. ತೆಗೆದ ಮೇಲೆ ಮತ್ತೆ ಅದೇ ಕಥೆ.

ಇದು ಅವಳಿಗೆ ಬಂದದ್ದು ತಾತನಿಂದ. ತಾತ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುವ ಕಾವಲುಗಾರನಾಗಿದ್ದ. ಕಪ್ಪು ಬೂಟು ಹಾಕಲೇಬೇಕು, ಪಾಲಿಶ್ ಹೊಳೆಯಲೇಬೇಕು. ಒಂದು ಮಧ್ಯಾಹ್ನ ಮ್ಯಾನೇಜರು ಹೊರಗೆ ಬಂದು ನೋಡಿದರೆ ಬಾಗಿಲಲ್ಲಿ ಬೂಟು ಮಾತ್ರ ನೆಟ್ಟಗೆ ನಿಂತಿವೆ, ಕಾವಲುಗಾರ ಇಲ್ಲ. ಹಿತ್ತಲ ನಲ್ಲಿಯ ಹತ್ತಿರ ಬಕೆಟ್ಟಿನೊಳಗೆ ಕಾಲಿಟ್ಟು, ಬಂದೂಕನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಕಣ್ಣು ಮುಚ್ಚಿ ಕೂತಿದ್ದ. ಅವತ್ತೇ ಕೆಲಸದಿಂದ ತೆಗೆದರು. ಊರಿಗೆಲ್ಲ ಅದೊಂದು ನಗೆಚಾಟಿಕೆ. ಅಜ್ಜಿ ಕೂಡ ನಂಬಲಿಲ್ಲ. “ದುಡಿಯೋಕೆ ಮೈ ಬಗ್ಗಲ್ಲ, ಅದಕ್ಕೆ ಕಾಲಿನ ಮೇಲೆ ಹಾಕ್ತೀರ” ಅಂದುಬಿಟ್ಟಳಂತೆ. ತಾತ ಆಮೇಲೆ ಸಾಯುವವರೆಗೆ ಕಾಲಿನ ಮಾತನ್ನೇ ಆಡಲಿಲ್ಲ.

ನನ್ನ ಅಮ್ಮ ದೊಡ್ಡಮ್ಮನ ತಂಗಿ. ಅವಳಿಗೆ ಇದರ ಸೋಂಕೇ ಇಲ್ಲ. ಬಿಸಿಲಲ್ಲಿ ಬೂಟು ಹಾಕಿಕೊಂಡು ಊರೆಲ್ಲ ಸುತ್ತಿ ಬರುತ್ತಾಳೆ. ಒಂದೇ ಹೊಟ್ಟೆಯ ಅಕ್ಕತಂಗಿಯರಲ್ಲಿ ಒಬ್ಬಳಿಗೆ ಇಲ್ಲ, ಒಬ್ಬಳಿಗೆ ಇದೆ ಅಂದರೆ ಜನಕ್ಕೆ ಅನುಮಾನ ಬರುವುದು ಸಹಜ. ದೊಡ್ಡಮ್ಮ ಡಾಕ್ಟರುಗಳನ್ನು ಕಾಣದೆ ಇರಲಿಲ್ಲ. ಒಬ್ಬರು ರಕ್ತ ಕೆಟ್ಟಿದೆ ಅಂದರು, ಇನ್ನೊಬ್ಬರು ಅಲರ್ಜಿ ಅಂದರು, ಮತ್ತೊಬ್ಬರು ವಿಟಮಿನ್ ಕಮ್ಮಿ ಅಂತ ಸೂಜಿ ಚುಚ್ಚಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಕೊನೆಗೆ ಒಬ್ಬರು ಕನ್ನಡಕ ಕೆಳಗಿಳಿಸಿ, “ಮನೇಲಿ ಏನಾದ್ರೂ ಬೇಜಾರು ಇದೆಯೇನಮ್ಮ?” ಅಂತ ಕೇಳಿದರು.

“ಮನೇಲಿ ಏನೂ ಇಲ್ಲ ಸಾರ್. ಕಾಲಲ್ಲಿದೆ” ಅಂದು ಎದ್ದು ಬಂದಿದ್ದಳು. ಅವತ್ತಿಂದ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಐಸ್ ಇದ್ದೇ ಇದೆಯಲ್ಲ.

ದೊಡ್ಡಪ್ಪ ಬಣ್ಣ ಬಳಿಯುವ ಕೆಲಸದವನು. ಮದುವೆಯಾದ ಹೊಸದರಲ್ಲಿ ಹೆಂಡತಿ ಸಾಯಂಕಾಲವಾದರೆ ಬಚ್ಚಲಲ್ಲಿ ಕೂರುವುದನ್ನು ಕಂಡು ಗಾಬರಿಯಾಗಿದ್ದನಂತೆ. ಆಮೇಲೆ ಏನೂ ಕೇಳದೆ ಬಚ್ಚಲಿಗೆ ಒಂದು ಕುರ್ಚಿ ತಂದು ಹಾಕಿದ, ಅದಕ್ಕೆ ನೀಲಿ ಬಣ್ಣ ಬಳಿದ. “ನಂಬಿದನೋ ಇಲ್ವೋ ಗೊತ್ತಿಲ್ಲ, ಕುರ್ಚಿ ಅಂತೂ ಹಾಕಿದ” ಅನ್ನುತ್ತಿದ್ದಳು ದೊಡ್ಡಮ್ಮ.

ಇಷ್ಟಕ್ಕೇ ನಿಂತಿದ್ದರೆ ಅವಳು ಹಾಗೇ ಹಲ್ಲು ಕಚ್ಚಿಕೊಂಡು ಆಯಸ್ಸು ಕಳೆದುಬಿಡುತ್ತಿದ್ದಳೋ ಏನೋ. ಆದರೆ ಅವಳ ಮಗಳು ಪುಟ್ಟಿ ಶಾಲೆಗೆ ಹೋಗುವ ವಯಸ್ಸಿನಲ್ಲಿ ಒಂದು ಸಂಜೆ ಬ್ಯಾಗು ಬಿಸಾಕಿ, ಬೂಟು ಕಿತ್ತೆಸೆದು, ಅಡುಗೆಮನೆಯ ತಣ್ಣನೆ ನೆಲದ ಮೇಲೆ ಅಂಗಾಲನ್ನು ಒತ್ತಿ ಉಜ್ಜುತ್ತಾ ನಿಂತಳು. ದೊಡ್ಡಮ್ಮ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ನೋಡಿದಳು. ಮಗುವಿನ ಪಾದ ಹರಡಿನವರೆಗೆ ಕೆಂಪಾಗಿತ್ತು.

“ಎಷ್ಟು ದಿನದಿಂದ ಕಂದಾ?”

“ತುಂಬಾ ದಿನದಿಂದ. ಹೇಳಿದ್ರೆ ನಾಟಕ ಅಂತಾರೆ ಅಂತ ಹೇಳ್ಲಿಲ್ಲ.”

“ಯಾರಂದ್ರು ನಾಟಕ ಅಂತ?”

“ಡ್ರಿಲ್ ಮೇಷ್ಟ್ರು. ಓಡೋಕೆ ಆಗಲ್ಲ ಅಂದಿದ್ದಕ್ಕೆ ಬಿಸಿಲಲ್ಲಿ ನಿಲ್ಸಿದ್ರು.”

ಅಮ್ಮ ಹೇಳುವ ಪ್ರಕಾರ, ಅಕ್ಕ ಕೋಪ ಮಾಡಿಕೊಂಡದ್ದನ್ನು ಅವಳು ಅವತ್ತೇ ಮೊದಲು ನೋಡಿದ್ದು. ಮಾರನೇ ದಿನ ಬೆಳಿಗ್ಗೆ ಫ್ಯಾಕ್ಟರಿಗೆ ಹೋಗದೆ ಶಾಲೆಗೆ ಹೋದಳು. ಮುಖ್ಯೋಪಾಧ್ಯಾಯಿನಿಯ ಕೋಣೆಯಲ್ಲಿ ಕೂರಿ ಅಂದರೂ ಕೂರಲಿಲ್ಲ. ಡ್ರಿಲ್ ಮೇಷ್ಟ್ರನ್ನು ಕರೆಸಿದರು. ದೊಡ್ಡಮ್ಮ ಕಿರುಚಾಡಲಿಲ್ಲ. ಬಸ್ ಸ್ಟಾಪಿನಿಂದ ನಡೆದು ಬಂದಿದ್ದರಿಂದ ಅವಳ ಕಾಲು ಆಗಲೇ ಹೊತ್ತಿಕೊಂಡಿತ್ತು. ಚಪ್ಪಲಿ ಬಿಟ್ಟು ಪಾದ ಮುಂದೆ ಚಾಚಿದಳು.

“ಮುಟ್ಟಿ ನೋಡಿ ಮೇಷ್ಟ್ರೇ.”

ಮೇಷ್ಟ್ರು ಸಂಕೋಚದಿಂದ ಬಗ್ಗಿ ಬೆರಳು ತಾಗಿಸಿ ಥಟ್ಟನೆ ಕೈ ಹಿಂದೆ ತೆಗೆದುಕೊಂಡರು. “ಇದೇನಮ್ಮ ಇದು, ಜ್ವರ ಬಂದ ಹಾಗೆ ಸುಡ್ತಿದೆ!”

“ನನ್ನ ಮಗಳದ್ದೂ ಹಿಂಗೇ ಸುಡುತ್ತೆ. ಅವಳು ಸುಳ್ಳು ಹೇಳೋ ಹುಡುಗಿ ಅಲ್ಲ. ಇನ್ಮೇಲೆ ಕ್ಲಾಸಲ್ಲಿ ಬರಿಗಾಲಲ್ಲಿ ಕೂರ್ತಾಳೆ, ಒದ್ದೆ ಬಟ್ಟೆ ಇಟ್ಕೋತಾಳೆ. ಯಾರೂ ಏನೂ ಅನ್ನಬಾರದು.”

ಯಾರೂ ಏನೂ ಅನ್ನಲಿಲ್ಲ. ಮೇಷ್ಟ್ರು ಒಳ್ಳೆಯ ಮನುಷ್ಯನೇ. ಮುಂದೆ ತಾವೇ ಪುಟ್ಟಿಗೆ ಕಿಟಕಿಯ ಪಕ್ಕದ ನೆರಳಿನ ಜಾಗ ಬಿಡಿಸಿಕೊಟ್ಟರು. ಆದರೆ ಮನೆಗೆ ಬಂದ ದೊಡ್ಡಮ್ಮ ಅಮ್ಮನ ಮುಂದೆ ಕೂತು ಅತ್ತಳು. “ನಾನಾದ್ರೆ ಸಹಿಸ್ಕೊಂಡೆ. ಅಪ್ಪನೂ ಸಹಿಸ್ಕೊಂಡ್ರು. ಇವಳು ಯಾಕೆ ಸಹಿಸ್ಕೋಬೇಕು? ಇವಳನ್ನೂ ಐಸ್ ಫ್ಯಾಕ್ಟರಿಗೆ ಹಾಕ್ಲಾ?”

ಪುಟ್ಟಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಹೊರಟವಳನ್ನು ಅವಳ ಕಾಲೇ ಮೊದಲು ಎಳೆದುಕೊಂಡು ಹೋಯಿತು. ವರ್ಷಗಟ್ಟಲೆ ಐಸು, ತಣ್ಣೀರು ಅಂತ ನೆನೆಸಿ ನೆನೆಸಿ ಅಂಗಾಲಿನ ಚರ್ಮ ಬಿರಿದಿತ್ತು. ಆ ಬಿರುಕು ಹುಣ್ಣಾಗಿ, ಹುಣ್ಣು ಕೀವಾಗಿ, ಜ್ವರ ಏರಿ, ದೊಡ್ಡ ಆಸ್ಪತ್ರೆಯಲ್ಲಿ ಮಲಗಿಸಬೇಕಾಯಿತು. ನಾನು ಆಗ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೆಲಸಕ್ಕೆ ಸೇರಿದ್ದೆ. ಪಾಳಿ ಮುಗಿಸಿ ಮಧ್ಯಾಹ್ನ ಅವಳ ಹತ್ತಿರ ಕೂರುತ್ತಿದ್ದೆ. ಗಾಯಕ್ಕೆ ಪಟ್ಟಿ ಕಟ್ಟುವ ನರ್ಸಮ್ಮ ಒಬ್ಬರಿದ್ದರು, ಮಾತು ಕಮ್ಮಿ, ಕಣ್ಣು ಚುರುಕು. ಪಟ್ಟಿ ಬಿಚ್ಚುವಾಗ ಬಿಳುಪಾಗಿದ್ದ ಪಾದ, ಹೊದಿಕೆ ಹೊದಿಸಿದ ಸ್ವಲ್ಪ ಹೊತ್ತಿಗೆಲ್ಲ ಕೆಂಪಾಗುವುದನ್ನು ಅವರು ಗಮನಿಸಿದರು. ಹೊದಿಕೆ ತೆಗೆದು ಫ್ಯಾನ್ ಹಾಕಿದರೆ ಮತ್ತೆ ತಣ್ಣಗಾಗುತ್ತಿತ್ತು. ಹೋಗಿ ನರದ ಡಾಕ್ಟರನ್ನು ಕರೆತಂದರು.

ನರದ ಡಾಕ್ಟರು ನಡುವಯಸ್ಸಿನ ಹೆಂಗಸು. ಕುರ್ಚಿ ಎಳೆದುಕೊಂಡು ಮಂಚದ ಪಕ್ಕ ಕೂತರು. ಅವರು ಕೇಳಿದ ಮೊದಲ ಪ್ರಶ್ನೆ, “ನಿಮ್ಮ ಮನೇಲಿ ಇನ್ಯಾರಿಗೆ ಹೀಗಿದೆ?”

ದೊಡ್ಡಮ್ಮ ನನ್ನ ಮುಖ ನೋಡಿದಳು. ಜೀವಮಾನದಲ್ಲಿ ಯಾವ ಡಾಕ್ಟರೂ ಇದನ್ನು ಕೇಳಿರಲಿಲ್ಲ. ತಾತನ ವಿಷಯ, ಪುಟ್ಟಿಯ ವಿಷಯ, ಎಲ್ಲ ಒಂದೇ ಉಸಿರಿಗೆ ಹೇಳಿದಳು. ಡಾಕ್ಟರು ನಗಲಿಲ್ಲ. ಬೂಟು ನಿಂತಿತ್ತು, ಕಾವಲುಗಾರ ಇರಲಿಲ್ಲ ಅಂದಾಗಲೂ ನಗಲಿಲ್ಲ.

“ನಿಮ್ಮ ಅಪ್ಪನಿಗೆ ಇದ್ದದ್ದು ಕಾಯಿಲೆ ಅಮ್ಮಾ. ಅದಕ್ಕೆ ಹೆಸರಿದೆ, ಕಾರಣ ಇದೆ” ಅಂದರು.

ಹೆಸರು ನಮ್ಮ ನಾಲಿಗೆಗೆ ಹೊರಳದ ಉದ್ದದ ಇಂಗ್ಲಿಷ್ ಪದ. ಆಮೇಲೆ ಕಾರಣ ವಿವರಿಸಿದರು. ಬಿಸಿ, ಚುಚ್ಚು, ಪೆಟ್ಟು ಇವನ್ನೆಲ್ಲ ಚರ್ಮದಿಂದ ಮಿದುಳಿಗೆ ತಿಳಿಸುವುದಕ್ಕೆ ನರದ ಜೀವಕೋಶಗಳಿವೆ. ಒಂದೊಂದು ಕೋಶದ ಪೊರೆಯಲ್ಲೂ ಕಣ್ಣಿಗೆ ಕಾಣದ ಸಾವಿರಾರು ಬಾಗಿಲುಗಳು. ಬಾಗಿಲು ತೆರೆದರೆ ಹೊರಗಿನ ಉಪ್ಪಿನ ಕಣಗಳು, ಅಂದರೆ ವಿದ್ಯುತ್ತು ಹೊತ್ತ ಸೋಡಿಯಂ ಅಯಾನುಗಳು, ಒಳಗೆ ನುಗ್ಗುತ್ತವೆ. ಹಾಗೆ ನುಗ್ಗಿದಾಗಲೇ ‘ನೋವು’ ಅನ್ನುವ ಸುದ್ದಿ ಹೊರಡುವುದು. ಜೋರಾಗಿ ಪೆಟ್ಟು ಬಿದ್ದರೆ, ಜಾಸ್ತಿ ಬಿಸಿ ತಾಗಿದರೆ ಮಾತ್ರ ತೆರೆಯಬೇಕು, ತೆರೆದ ತಕ್ಷಣ ಮುಚ್ಚಬೇಕು. ಅದು ಅದರ ಕೆಲಸ.

“ಇದನ್ನ ನಾವು ಅಯಾನ್ ಚಾನೆಲ್ ಅಂತೀವಿ.”

“ಟೀವಿ ಚಾನೆಲ್ ಥರಾನಾ?” ಅಂದಳು ದೊಡ್ಡಮ್ಮ. “ಹಂಗಾದ್ರೆ ನನ್ನ ಕಾಲಲ್ಲಿ ಒಂದೇ ಚಾನೆಲ್ಲು ದಿನವಿಡೀ ಅರಚ್ತಾ ಇದೆ ಬಿಡಿ.”

ಈಗ ಡಾಕ್ಟರು ನಕ್ಕರು. “ಸರಿಯಾಗಿ ಹೇಳಿದ್ರಿ. ನನ್ನ ಅನುಮಾನ ಏನಂದ್ರೆ, ನಿಮ್ಮಲ್ಲಿ ಆ ಬಾಗಿಲು ಸ್ವಲ್ಪ ಸೋಕಿದ್ರೂ ತೆರ್ಕೊಳ್ಳುತ್ತೆ, ಮುಚ್ಚೋಕೆ ತಡ ಮಾಡುತ್ತೆ. ಹೊದಿಕೆಯ ಕಾವು ಸಾಕು, ಬೆಂಕಿ ಬಿತ್ತು ಅಂತ ಮಿದುಳಿಗೆ ಸುದ್ದಿ ಹೋಗುತ್ತೆ. ಬೆಂಕಿ ಇಲ್ಲದೆ ಹೊಗೆಯಾಡಲ್ಲ ಅಂತ ಜನ ಅಂತಾರಲ್ಲ, ನಿಮ್ಮಲ್ಲಿ ಬೆಂಕಿ ಇಲ್ಲದೇನೇ ಉರಿ. ಆದರೆ ಉರಿ ನಿಜ. ಬೆಂಕಿ ಬಿದ್ದವರ ನರದಲ್ಲಿ ಓಡೋ ಸುದ್ದಿಯೇ ನಿಮ್ಮ ನರದಲ್ಲೂ ಓಡ್ತಿರೋದು.”

ದೊಡ್ಡಮ್ಮ ಹೊದಿಕೆ ಸರಿಸಿ ತನ್ನ ಪಾದ ನೋಡಿಕೊಂಡಳು. “ಇದನ್ನ ನಮ್ಮಮ್ಮ ಇದ್ದಾಗ ಯಾರಾದ್ರೂ ಹೇಳ್ಬೇಕಿತ್ತು” ಅಂದಳು.

ಅವಳದ್ದೂ ಪುಟ್ಟಿಯದ್ದೂ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಡಾಕ್ಟರ ಅನುಮಾನವೇ ನಿಜವಾಯಿತು. ಆ ಬಾಗಿಲನ್ನು ಮಾಡಲು ಮೈಯಲ್ಲಿ ಬರೆದಿಟ್ಟ ಸೂಚನೆಯಲ್ಲಿ, ಅಂದರೆ ವಂಶವಾಹಿಯಲ್ಲಿ, ಒಂದೇ ಒಂದು ಅಕ್ಷರ ತಪ್ಪಿತ್ತು, ದೊಡ್ಡಮ್ಮನಲ್ಲೂ ಮಗಳಲ್ಲೂ ಅದೇ ಅಕ್ಷರ. ಇಂಥ ಅಪ್ಪನಿಗೋ ಅಮ್ಮನಿಗೋ ಹುಟ್ಟಿದ ಮಗುವಿಗೆ ಇದು ಬರಲೂಬಹುದು, ಬರದೆಯೂ ಇರಬಹುದು, ನಾಣ್ಯ ಚಿಮ್ಮಿದ ಹಾಗೆ. ನನ್ನಮ್ಮನ ಪಾಲಿಗೆ ನಾಣ್ಯ ಒಳ್ಳೆಯ ಮಗ್ಗುಲಿಗೆ ಬಿದ್ದಿತ್ತು.

“ನಿಮ್ಮ ಅಪ್ಪನ ಕಡೆ ಇನ್ಯಾರಾದ್ರೂ ಇದ್ದಾರಾ? ಇದ್ರೆ ಅವರಿಗೂ ಗೊತ್ತಾಗೋದು ಒಳ್ಳೇದು” ಅಂದರು ಡಾಕ್ಟರು.

ಇದ್ದರು. ತಾತನ ತಂಗಿ, ನನಗೆ ಚಿಕ್ಕಜ್ಜಿ. ಅವರ ಮಾತೆತ್ತಿದರೆ ಮನೆಯಲ್ಲಿ ಎಲ್ಲರೂ ಬೇರೆ ಕಡೆ ನೋಡುತ್ತಿದ್ದರು. ವಯಸ್ಸಿಗೆ ಬಂದಾಗ ತಲೆ ಕೆಟ್ಟಿತ್ತು, ಮನೆ ಬಿಟ್ಟು ಓಡಿಹೋದರು, ಅಷ್ಟೇ ನಮಗೆ ಹೇಳಿದ್ದು. ಇನ್ನೊಂದು ಊರಲ್ಲಿ ಸಸಿ ಬೆಳೆಸಿ ಮಾರುತ್ತಾರೆ ಅಂತ ಯಾರೋ ಯಾವಾಗಲೋ ಅಂದಿದ್ದರು. ದೊಡ್ಡಮ್ಮನ ಗಾಯ ಪೂರ್ತಿ ಮಾಯುತ್ತಿದ್ದಂತೆ, “ನಡಿ, ನಿನ್ನ ಬಸ್ಸಲ್ಲೇ ಹೋಗೋಣ” ಅಂತ ನನ್ನನ್ನು ಹೊರಡಿಸಿದಳು. ಬಸ್ಸಿನಲ್ಲಿ ಕಾಲ ಕೆಳಗೆ ಒದ್ದೆ ಟವೆಲ್ಲು ಹಾಸಿಕೊಂಡು, ಕಿಟಕಿ ಪೂರ್ತಿ ತೆಗೆದು ಕೂತಳು.

ಊರ ಹೊರಗೆ, ಹಸಿರು ಬಲೆ ಕಟ್ಟಿದ ಚಪ್ಪರದ ಕೆಳಗೆ ಸಾಲು ಸಾಲು ಸಸಿಗಳ ನಡುವೆ ಬೆಳ್ಳನೆ ಕೂದಲಿನ ಒಬ್ಬ ಮುದುಕಿ ನಿಂತಿದ್ದರು. ಹರಡಿನವರೆಗೆ ಕೆಸರಿನಲ್ಲಿ. ಕೈಯಲ್ಲಿ ನೀರಿನ ಕೊಳವೆ. ಸಸಿಗೆ ಒಂದು ಪಾಲು ನೀರು, ತನ್ನ ಕಾಲಿಗೆ ಎರಡು ಪಾಲು.

“ಏನು ಸಸಿ ಬೇಕಿತ್ತು?”

“ಸಸಿ ಬೇಡ ಅತ್ತೆ. ನಾನು ನಿಮ್ಮ ಅಣ್ಣನ ದೊಡ್ಡ ಮಗಳು.”

ಚಿಕ್ಕಜ್ಜಿಯ ಮುಖ ಗಂಟಿಕ್ಕಿತು. “ಸತ್ತ ಅಂತ ಕೇಳಿದೆ. ಈಗ ಯಾಕೆ ಬಂದ್ರಿ? ಹುಚ್ಚಿ ಹೇಗಿದಾಳೆ ಅಂತ ನೋಡೋಕಾ?”

ದೊಡ್ಡಮ್ಮ ಚಪ್ಪಲಿ ಬಿಟ್ಟು ಆ ಕೆಸರಿಗೇ ಇಳಿದು ಪಕ್ಕದಲ್ಲಿ ನಿಂತಳು. ಇಳಿಯುವಾಗ ಅವಳ ಕೆಂಪು ಪಾದ ಚಿಕ್ಕಜ್ಜಿಯ ಕಣ್ಣಿಗೆ ಬಿತ್ತು. ಕೊಳವೆ ಅವರ ಕೈಯಿಂದ ಜಾರಿತು. ನೀರು ಸುಮ್ಮನೆ ಹರಿದುಹೋಗುತ್ತಿತ್ತು. ಕೊನೆಗೆ ನಾನೇ ಹೋಗಿ ನಲ್ಲಿ ನಿಲ್ಲಿಸಿದೆ.

“ನಿನಗೂನಾ?” ಅಂದರು ಚಿಕ್ಕಜ್ಜಿ.

“ನಂಗೂ. ನನ್ನ ಮಗಳಿಗೂ. ಅಪ್ಪನಿಗೂ ಇತ್ತು.”

“ಅವನಿಗಿದ್ದದ್ದು ನನಗೆ ಗೊತ್ತಿತ್ತು. ಹಿತ್ತಲಲ್ಲಿ ಇಬ್ಬರೂ ಒಂದೇ ನೀರಿನ ಬಾನಿಯಲ್ಲಿ ಕಾಲಿಟ್ಟುಕೊಂಡು ಬೆಳೆದವರು. ಮದುವೆಯಾದ ಮನೆಯವರು ನನ್ನನ್ನ ಹುಚ್ಚಿ ಅಂತ ಕೋಣೆಯಲ್ಲಿ ಕೂಡಿಹಾಕಿ ಮೂರು ಕಂಬಳಿ ಹೊದಿಸಿದ್ರು. ತಪ್ಪಿಸ್ಕೊಂಡು ತವರಿಗೆ ಬಂದೆ. ಅವನು ಒಂದು ಮಾತು ಆಡಿದ್ರೆ ಸಾಕಿತ್ತು, ನಂಗೂ ಇದೆ, ಇದು ಹುಚ್ಚಲ್ಲ ಅಂತ. ಬಾಯಿ ಬಿಡ್ಲಿಲ್ಲ.” ಸೆರಗಿನಿಂದ ಮುಖ ಒರೆಸಿಕೊಂಡರು. “ಬ್ಯಾಂಕಿನವರು ಅವನನ್ನ ತೆಗೆದ್ರು ಅಂತ ಕೇಳಿದಾಗ ಚೆನ್ನಾಗಾಯ್ತು ಅಂದ್ಕೊಂಡೆ. ಆಮೇಲೆ ಕೂತು ಅತ್ತೆ.”

ಆ ಮಧ್ಯಾಹ್ನ ಅವರಿಬ್ಬರೂ ಕೆಸರಲ್ಲಿ ಕಾಲಿಟ್ಟು, ದಂಡೆಯ ಮೇಲೆ ಕೂತು, ಬಾಗಿಲು, ಉಪ್ಪು, ನಾಣ್ಯ ಅಂತ ಡಾಕ್ಟರು ಹೇಳಿದ್ದೆಲ್ಲವನ್ನೂ ಮಾತಾಡಿಕೊಂಡರು. ದೊಡ್ಡಮ್ಮ ಮರೆತದ್ದನ್ನು ನಾನು ಸೇರಿಸುತ್ತಿದ್ದೆ. ಹೊರಡುವಾಗ ಚಿಕ್ಕಜ್ಜಿ ಬಾಗಿಲಿಗೆ ಬೀಗ ಹಾಕಿ, ಚೀಲ ಹೆಗಲಿಗೇರಿಸಿ ನಿಂತಿದ್ದರು. “ರಕ್ತ ಕೊಡ್ಬೇಕು ತಾನೆ? ನಡೀರಿ. ಹುಚ್ಚು ರಕ್ತವೋ ಒಳ್ಳೆ ರಕ್ತವೋ, ನಾನೂ ಸಾಯೋ ಮುಂಚೆ ನೋಡ್ಬಿಡ್ತೀನಿ.”

ಅವರ ರಕ್ತದಲ್ಲೂ ಅದೇ ಅಕ್ಷರ.

ಹೆಸರು ಸಿಕ್ಕಿತು ಅಂದ ಮಾತ್ರಕ್ಕೆ ನೋವು ಹೋಗುತ್ತದೆಯೇ? ಮೊದಲು ಕೊಟ್ಟ ಮಾತ್ರೆ ಹೃದಯದ ಬಡಿತ ಸರಿಪಡಿಸಲು ಬಳಸುವ ಹಳೆಯ ಔಷಧಿ. ಅದೂ ಈ ಬಾಗಿಲುಗಳನ್ನು ಸ್ವಲ್ಪ ಬಿಗಿ ಮಾಡುತ್ತದಂತೆ. ಕೆಲವರಿಗೆ ಒಗ್ಗುತ್ತದೆ. ದೊಡ್ಡಮ್ಮನಿಗೆ ಒಗ್ಗಲಿಲ್ಲ. ಹೊಟ್ಟೆ ತೊಳಸಿದ್ದೇ ಬಂತು, ಉರಿ ಇದ್ದಷ್ಟೇ ಇತ್ತು. “ಕಾಲು ಹಿಡ್ಕೊಂಡು ಕೂರ್ತಿದ್ದೆ, ಈಗ ಹೊಟ್ಟೆನೂ ಹಿಡ್ಕೊಂಡು ಕೂರೋ ಹಾಗಾಯ್ತು” ಅಂತ ಮಾತ್ರೆ ನಿಲ್ಲಿಸಿದಳು. ಮನೆಯಲ್ಲಿ ಎಲ್ಲರ ಮುಖ ಸಪ್ಪಗಾಯಿತು. ಪುಟ್ಟಿ ಮಾತ್ರ, “ಅಮ್ಮಾ, ಇನ್ನೊಂದು ಇರುತ್ತೆ ಬಿಡು” ಅಂದಳು.

ಡಾಕ್ಟರೂ ಅದನ್ನೇ ಅಂದರು, ಆದರೆ ಈ ಸಲ ಅಂದಾಜಿನ ಮೇಲೆ ಕೊಡುವುದಿಲ್ಲ ಅಂದರು. ಆ ಆಸ್ಪತ್ರೆಗೆ ಹೊಂದಿಕೊಂಡು ಒಂದು ಪ್ರಯೋಗಾಲಯವಿತ್ತು. ಅಲ್ಲಿ ಗಾಜಿನ ತಟ್ಟೆಯಲ್ಲಿ ಜೀವಕೋಶ ಬೆಳೆಸಿ, ಅದರಲ್ಲಿ ಇವರ ಮನೆತನದ ತಪ್ಪು ಅಕ್ಷರದ ಬಾಗಿಲೇ ತಯಾರಾಗುವಂತೆ ಮಾಡಿ, ಯಾವ ಔಷಧಿಗೆ ಅದು ಬಗ್ಗುತ್ತದೆ ಅಂತ ನೋಡಲು ಶುರು ಮಾಡಿದರು. ತಿಂಗಳುಗಳೇ ಹಿಡಿದವು. ಒಂದು ದಿನ ಡಾಕ್ಟರು ಫೋನ್ ಮಾಡಿ, “ಬಂದು ನೋಡ್ತೀರಾ?” ಅಂದರು.

ನಾವು ಹೋದೆವು. ಚಿಕ್ಕಜ್ಜಿಯೂ ಬಂದರು. ಕತ್ತಲೆ ಮಾಡಿದ ಸಣ್ಣ ಕೋಣೆ, ಅಲುಗಾಡದ ಭಾರದ ಮೇಜು, ಅದರ ಮೇಲೆ ಸೂಕ್ಷ್ಮದರ್ಶಕ. ದಪ್ಪ ಕನ್ನಡಕದ ವಿಜ್ಞಾನಿಯೊಬ್ಬರು ಕೂದಲಿಗಿಂತ ಸಣ್ಣ ಮೊನೆಯ ಗಾಜಿನ ನಳಿಗೆಯನ್ನು ಒಂದು ಕೋಶಕ್ಕೆ ಮೆಲ್ಲಗೆ ತಾಗಿಸಿದರು. ಪಕ್ಕದ ಪರದೆಯ ಮೇಲೆ ಗೆರೆಯೊಂದು ಹರಿಯತೊಡಗಿತು. ಗೆರೆ ಕೆಳಕ್ಕೆ ಧುಮುಕಿದರೆ ಬಾಗಿಲು ತೆರೆದಂತೆ.

“ಇದು ಸಾಮಾನ್ಯ ಕೋಶದ್ದು, ಮೊದಲೇ ಅಳೆದಿಟ್ಟದ್ದು” ಅಂತ ಒಂದು ಗೆರೆ ತೋರಿಸಿದರು. ವಿದ್ಯುತ್ತಿನ ಸಣ್ಣ ಸಣ್ಣ ತಳ್ಳು ಕೊಟ್ಟಾಗ ಅದು ಮಲಗಿಯೇ ಇತ್ತು, ದೊಡ್ಡ ತಳ್ಳು ಕೊಟ್ಟಾಗ ಮಾತ್ರ ಒಮ್ಮೆ ಕೆಳಕ್ಕೆ ಧುಮುಕಿ ಮೇಲೆ ಬಂತು. “ಇದು ನಿಮ್ಮದು.” ಈ ಗೆರೆ ಸಣ್ಣ ತಳ್ಳಿಗೇ ಬೆಚ್ಚಿಬಿದ್ದು ಧುಮುಕಿತು. ಮೇಲೆ ಬರಲು ತಡವರಿಸಿತು.

ದೊಡ್ಡಮ್ಮ ಪರದೆಯ ಹತ್ತಿರ ಮುಖ ತಂದಳು. “ಇದು ನನ್ನ ಕಾಲಾ?”

“ನಿಮ್ಮ ಕಾಲಿನ ನೋವಿನ ಬಾಗಿಲು.”

“ಎಲ್ಲರಿಗೂ ಕಾಣುತ್ತಾ ಇದು? ನಂಗೊಬ್ಬಳಿಗೇ ಅಲ್ವಲ್ಲ?”

“ಎಲ್ಲರಿಗೂ ಕಾಣುತ್ತೆ ಅಮ್ಮ. ಬೇರೆ ದೇಶದಲ್ಲಿ ಕೂತು ಅಳೆದ್ರೂ ಹೀಗೇ ಕಾಣುತ್ತೆ.”

ಚಿಕ್ಕಜ್ಜಿ ಹಿಂದಿನಿಂದ ಜೋರಾಗಿ, “ಅದನ್ನ ದೊಡ್ಡದು ಮಾಡಿ ತೋರಿಸಪ್ಪಾ, ನಂಗೆ ಕಣ್ಣು ಮಂಜು” ಅಂದರು. ವಿಜ್ಞಾನಿ ಪರದೆಯ ತುಂಬ ದೊಡ್ಡದು ಮಾಡಿದರು. ಆಮೇಲೆ ಕೋಶದ ಮೇಲೆ ಔಷಧಿ ಹರಿಸಿದರು. ಮೂರ್ಛೆರೋಗಕ್ಕೆ ಕೊಡುವ, ತುಂಬಾ ವರ್ಷಗಳಿಂದ ಎಲ್ಲ ಕಡೆ ಸಿಗುವ ಮಾತ್ರೆಯದ್ದೇ ಔಷಧಿ. ಸ್ವಲ್ಪ ಹೊತ್ತು ಕಾಯಲು ಹೇಳಿ ಮತ್ತೆ ತಳ್ಳು ಕೊಟ್ಟರು. ಸಣ್ಣ ತಳ್ಳಿಗೆ ಗೆರೆ ಅಲುಗಲಿಲ್ಲ. ಮತ್ತೊಂದು. ಅಲುಗಲಿಲ್ಲ. ದೊಡ್ಡದಕ್ಕೆ ಮಾತ್ರ, ಮೊದಲು ನೋಡಿದ ಗೆರೆಯ ಹಾಗೆ, ಒಮ್ಮೆ ಧುಮುಕಿ ಎದ್ದಿತು.

“ಇನ್ನೊಂದ್ಸಲ” ಅಂದಳು ದೊಡ್ಡಮ್ಮ. ಇನ್ನೊಂದು ಸಲ ತೋರಿಸಿದರು. ಅವಳು ಸೆರಗನ್ನು ಬಾಯಿಗೊತ್ತಿ ನಗುತ್ತಿದ್ದಳೋ ಅಳುತ್ತಿದ್ದಳೋ ಆ ಕತ್ತಲೆಯಲ್ಲಿ ತಿಳಿಯಲಿಲ್ಲ.

ಡಾಕ್ಟರು ಎಚ್ಚರಿಸಿದರು. ತಟ್ಟೆಯಲ್ಲಿ ಆದದ್ದು ಮೈಯಲ್ಲಿ ಆಗಲೇಬೇಕೆಂದಿಲ್ಲ. ಈ ಮಾತ್ರೆ ಕೆಲವರ ಚರ್ಮಕ್ಕೆ ತುಂಬಾ ಅಪಾಯ, ಅದಕ್ಕೆ ಮೊದಲೇ ರಕ್ತಪರೀಕ್ಷೆ ಆಗಬೇಕು, ಗುಳ್ಳೆ ಎದ್ದರೆ ತಕ್ಷಣ ನಿಲ್ಲಿಸಿ ಓಡಿ ಬರಬೇಕು. ಪರೀಕ್ಷೆಯಲ್ಲಿ ತೊಂದರೆ ಕಾಣಲಿಲ್ಲ. ಚೂರೇ ಚೂರಿನಿಂದ ಶುರು ಮಾಡಿ ಮೆಲ್ಲಗೆ ಏರಿಸುತ್ತಾ ಹೋದರು. ಮೊದಲ ವಾರ ತಲೆ ತಿರುಗಿತು, ನಿದ್ದೆ ಎಳೆಯಿತು, ಕಾಲು ಎಂದಿನಂತೆ ಉರಿಯಿತು. ದೊಡ್ಡಪ್ಪ ಕೇಳಲು ಹೆದರಿ ಬರೀ ಅವಳ ಮುಖ ನೋಡುತ್ತಿದ್ದ.

ಗೆಲುವು ಬಂದದ್ದು ಕೆಲವು ವಾರಗಳ ಮೇಲೆ, ಫ್ಯಾಕ್ಟರಿಯಲ್ಲಿ. ಗಾಯ ವಾಸಿಯಾದ ಮೇಲೆ ಅವಳು ಮತ್ತೆ ಕೆಲಸಕ್ಕೆ ಹೋಗುತ್ತಿದ್ದಳು. ಡಬ್ಬಿ ಬಗ್ಗಿಸುವ ಹೊತ್ತು. ಪುಡಿ ಐಸಿನ ರಾಶಿ ದಾಟಿ ಹೋಗುತ್ತಿದ್ದ ದೊಡ್ಡಮ್ಮ ಇದ್ದಕ್ಕಿದ್ದಂತೆ “ಅಯ್ಯಯ್ಯಪ್ಪಾ!” ಅಂತ ಕೂಗಿ ಒಂದು ಕಾಲೆತ್ತಿದಳು. ಆಮೇಲೆ ಇನ್ನೊಂದು ಕಾಲು. ಕೊಕ್ಕರೆ ಹಾಗೆ.

“ಏನಾಯ್ತು ಐಸಕ್ಕಾ? ಚುಚ್ತಾ?”

“ಚಳಿ ಕಣ್ರೋ! ಕಾಲು ಕೊರೀತಿದೆ! ಇಷ್ಟು ತಣ್ಣಗಿರುತ್ತಾ ಇದು? ಮನುಷ್ಯರು ಹೇಗೆ ನಿಲ್ತೀರ ಇಲ್ಲಿ!”

ಕೆಲಸ ನಿಂತಿತು. ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಒಬ್ಬ ಲೋಡಿಂಗ್‌ನವನು ಶಿಳ್ಳೆ ಹೊಡೆದ, ಇನ್ನೊಬ್ಬ ಕಬ್ಬಿಣದ ಕೊಕ್ಕೆಯಿಂದ ಖಾಲಿ ಡಬ್ಬಿ ಬಾರಿಸತೊಡಗಿದ. ಯಾರೋ ಓಡಿಹೋಗಿ ಸ್ಟೋರಿನಿಂದ ರಬ್ಬರ್ ಬೂಟು ತಂದರು. ಅವಳ ಅಳತೆಯದ್ದು ಅಲ್ಲಿ ಇರಲೇ ಇಲ್ಲ, ಯಾರೂ ತರಿಸಿರಲಿಲ್ಲ. ದೊಡ್ಡ ಬೂಟಿಗೆ ಹಳೆ ಬಟ್ಟೆ ತುರುಕಿ ಹಾಕಿಸಿದರು. ಆ ಬೂಟಿನಲ್ಲಿ ಲೊಟಪಟ ಅಂತ ಇಡೀ ಫ್ಯಾಕ್ಟರಿ ಸುತ್ತಿದಳು. ಕಂಪ್ರೆಸರ್ ಕೋಣೆಗೂ ಹೋದಳು, ಅಲ್ಲಿನ ಕಾವಿಗೆ ಅವಳು ಹಿಂದೆಂದೂ ಆ ಹೊಸ್ತಿಲು ದಾಟಿರಲಿಲ್ಲ. ಮೆಷೀನಿನವನ ಹತ್ತಿರ ನಿಂತು, ಪಟ್ಟಾಗಿ ಹರಟೆ ಹೊಡೆದು, ಏನೂ ಆಗದೆ ಈಚೆ ಬಂದಳು.

ಪುಟ್ಟಿಗೆ ವಯಸ್ಸಿಗೆ ತಕ್ಕ ಅಳತೆಯಲ್ಲಿ ಮಾತ್ರೆ ಶುರುವಾಯಿತು. ಅವಳಿಗೆ ಇನ್ನೂ ಚೆನ್ನಾಗಿ ಹಿಡಿಯಿತು. ಬೂಟು ಹಾಕಿಕೊಂಡು ಡ್ರಿಲ್ಲಿಗೆ ನಿಂತ ದಿನ ಮೇಷ್ಟ್ರು, “ಸುಸ್ತಾದ್ರೆ ಕೂತ್ಕೋ ಮಗು” ಅಂದರಂತೆ. ಇವಳು ಕೂರಲಿಲ್ಲ. ಓಟದಲ್ಲಿ ಕೊನೆಯವಳಾಗಿ ಬಂದಳು. ಮನೆಗೆ ಬಂದು ಕುಣಿದಾಡಿದಳು. “ಅಮ್ಮಾ, ನಾನು ಲಾಸ್ಟ್ ಬಂದೆ! ಕಾಲಿನಿಂದ ಅಲ್ಲ, ನಂಗೆ ಓಡೋಕೇ ಬರಲ್ಲ, ಅದಕ್ಕೆ!” ಅಷ್ಟು ಸಂತೋಷದಿಂದ ಸೋತ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಚಿಕ್ಕಜ್ಜಿಯದ್ದು ನಿಧಾನ. ವಯಸ್ಸಾದ ದೇಹ, ರಕ್ತದಲ್ಲಿನ ಉಪ್ಪಿನಂಶ ಇಳಿಯುತ್ತದೇನೋ ಅಂತ ಪದೇ ಪದೇ ಪರೀಕ್ಷೆ ಮಾಡುತ್ತಾ, ಕಮ್ಮಿ ಅಳತೆಯಲ್ಲೇ ಕೊಟ್ಟರು. ಉರಿ ಪೂರ್ತಿ ಹೋಗಲಿಲ್ಲ. ಅರ್ಧ ಹೋಯಿತು. “ಅರ್ಧ ಅಂದ್ರೆ ಎಷ್ಟು ಅಂತ ನಿಮಗೆ ಗೊತ್ತಿಲ್ಲ” ಅಂದರು ಅವರು. ತಮ್ಮನ್ನು ಅಂದು ಕೂಡಿಹಾಕಿದ್ದ ಮನೆಯವರಲ್ಲಿ ಬದುಕುಳಿದಿದ್ದ ನಾದಿನಿಯೊಬ್ಬಳ ಮನೆಗೆ ಒಂದು ದಿನ ತಾವೇ ನಡೆದು ಹೋದರು, ಮುಚ್ಚಿದ ಬೂಟು ಹಾಕಿಕೊಂಡು. “ನನ್ನ ತಲೆ ಸರಿಯಾಗೇ ಇತ್ತು, ಕಾಲು ಕೆಟ್ಟಿತ್ತು ಅಷ್ಟೇ. ಡಾಕ್ಟರು ಹೇಳಿದಾರೆ. ಬೇಕಾದ್ರೆ ಬಾ, ಗೆರೆ ತೋರಿಸ್ತೀನಿ” ಅಂದು, ಕೊಟ್ಟ ಕಾಫಿ ಕುಡಿದು, ಎರಡು ಗುಲಾಬಿ ಸಸಿ ಕೊಟ್ಟು ಬಂದರು.

ಈಗಲೂ ಸುಡು ಬೇಸಿಗೆಯಲ್ಲಿ ದೊಡ್ಡಮ್ಮನ ಕಾಲು ಜುಮ್ಮೆನ್ನುವುದುಂಟು. ಮಾತ್ರೆ ಮರೆತರೆ ಎರಡೇ ದಿನದಲ್ಲಿ ಕಾಲೇ ನೆನಪು ಮಾಡಿಕೊಡುತ್ತದೆ. ನರದ ಡಾಕ್ಟರು ಹೊಸ ಡಾಕ್ಟರುಗಳಿಗೆ ಪಾಠ ಮಾಡುವಾಗ ಅವಳನ್ನು ಕರೆಯುತ್ತಾರೆ. ಅವಳು ಕುರ್ಚಿಯ ಮೇಲೆ ಕೂತು, “ಮೊದಲು ಮನೇಲಿ ಇನ್ಯಾರಿಗಿದೆ ಅಂತ ಕೇಳಿ, ಬೇಜಾರಿದೆಯಾ ಅಂತ ಆಮೇಲೆ ಕೇಳಿ” ಅನ್ನುತ್ತಾಳೆ. ಅವರು ನಗುತ್ತಾರೆ, ಬರೆದುಕೊಳ್ಳುತ್ತಾರೆ.

ಮೊನ್ನೆ ಮೊನ್ನೆ ಅವಳೂ ದೊಡ್ಡಪ್ಪನೂ ಪುಟ್ಟಿಗೆ ಬಟ್ಟೆ ತರಲು ಪೇಟೆಗೆ ಹೊರಟರು, ನಾನೂ ಜೊತೆಗಿದ್ದೆ. ಮಟಮಟ ಮಧ್ಯಾಹ್ನ. ದೊಡ್ಡಮ್ಮ ಬಸ್ಸು ಬೇಡ ಅಂದಳು. ಒಂದು ರಸ್ತೆ ಆಯಿತು, ಇನ್ನೊಂದು ಆಯಿತು, ಅವಳು ಅಂಗಡಿ ಅಂಗಡಿಯ ಗಾಜಿನೊಳಗೆ ಇಣುಕುತ್ತಾ ಮುಂದೆ ಮುಂದೆ. ದೊಡ್ಡಪ್ಪ ಹಿಂದೆ ಬಿದ್ದು, ಗೋಡೆಗೆ ಕೈಯೂರಿ ನಿಂತ.

“ಸ್ವಲ್ಪ ನಿಲ್ಲೇ ಮಾರಾಯ್ತಿ. ನನ್ನ ಕಾಲು ನೋಯ್ತಿದೆ.”

ದೊಡ್ಡಮ್ಮ ತಿರುಗಿ ಬಂದಳು. ಒಂದು ಅಂಗಡಿಯ ಮೆಟ್ಟಿಲು ಝಾಡಿಸಿ ಅವನನ್ನು ಕೂರಿಸಿದಳು.

“ನೋಯ್ತಿದೆಯಾ? ಕೂತ್ಕೊಳ್ಳಿ. ನಾನು ನಂಬ್ತೀನಿ” ಅಂದಳು. ಆಮೇಲೆ ಅವನನ್ನು ಅಲ್ಲೇ ಬಿಟ್ಟು, ನನ್ನ ಕೈ ಹಿಡಿದು, ಬಿಸಿಲಿಗಿಳಿದು ರಸ್ತೆ ದಾಟಿ ಬಟ್ಟೆ ಅಂಗಡಿಗೆ ಹೊರಟಳು.